ಎರಡು ನಿಮಿಷದ ಕತ್ತಲೆ

ಎರಡು ನಿಮಿಷ ಲೈಟ್ ಆರಿಸಿ ಎಂದು ಕೇಳುವುದು ಅಪರಾಧವೇ? ಹೋದ ಭಾನುವಾರ ಡೊಂಬಿವಿಲಿಯಲ್ಲಿ ನಮ್ಮ ಜನರ ಸಂಘದ ವಾರ್ಷಿಕೋತ್ಸವದಲ್ಲಿ ನನ್ನ ಮೊಮ್ಮಗಳು ಸ್ನೇಹಾ ಕೇಳಿದ್ದು ಅಷ್ಟೇ.

ಸ್ನೇಹಾ ಕೆಮಿಸ್ಟ್ರಿ ಎಂ.ಎಸ್ಸಿ. ಓದುತ್ತಾಳೆ. ಪ್ರತಿಭಾವಂತ ಮಕ್ಕಳಿಗೆ ವೇದಿಕೆ ಕೊಡುತ್ತೇವೆ ಎಂದು ಸಂಘದವರೇ ಫೋನ್ ಮಾಡಿ ಕರೆದಿದ್ದರು. ಕೋಪರಖೈರಣೆಯಿಂದ ಠಾಣೆ, ಅಲ್ಲಿ ಗಾಡಿ ಬದಲಿಸಿ ಡೊಂಬಿವಿಲಿ. ಅಷ್ಟು ದೂರವೂ ಎರಡು ಪುಟ್ಟ ಗಾಜಿನ ಶೀಶೆಗಳನ್ನು ಉಣ್ಣೆಯ ಟೋಪಿಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡಿದ್ದಳು.

ಅವುಗಳಲ್ಲಿದ್ದದ್ದು ಅವಳೇ ತಯಾರಿಸಿದ ಪುಡಿ ಕರಗಿಸಿದ ನೀರು. ಕತ್ತಲೆಯಲ್ಲಿ ನೇರಳೆ ಟಾರ್ಚ್ ಹಿಡಿದರೆ ಹಸಿರಾಗಿ ಬೆಳಗುತ್ತದೆ. ಒಂದು ಬಗೆಯ ಅಮೈನೋ ಆಮ್ಲ ಅದರಲ್ಲಿ ಬಿದ್ದರೆ ಬೆಳಕು ಆರುತ್ತದೆ. (ಬೇಳೆ, ಹಾಲಿನ ಪ್ರೋಟೀನ್ ಹೊಟ್ಟೆಯಲ್ಲಿ ಒಡೆದಾಗ ಸಿಗುವ ಚೂರುಗಳೇ ಅಮೈನೋ ಆಮ್ಲಗಳು. ಇಷ್ಟು ನಾನೂ ಕಲಿತಿದ್ದೇನೆ.)

ಅದರಿಂದ ಏನುಪಯೋಗ?

ಮೊಮ್ಮಕ್ಕಳೇ, ನಿಮಗೊಬ್ಬ ದೊಡ್ಡಪ್ಪ ಇದ್ದ, ನನ್ನ ಮೊದಲ ಮಗ. ಅವನ ವಿಷಯ ನಾನು ಹೆಚ್ಚು ಹೇಳಿಲ್ಲ. ಹುಟ್ಟಿದಾಗ ಚೆನ್ನಾಗಿಯೇ ಇದ್ದ. ವರ್ಷ ತುಂಬಿದರೂ ಕೂರಲಿಲ್ಲ. ಮಾತು ಬರಲೇ ಇಲ್ಲ. "ಗ್ರಹಣದಾಗ ಹೊರಗ ಬಂದಿದ್ದೀ" ಎಂದು ಊರೆಲ್ಲ ನನ್ನನ್ನೇ ಬೈದಿತು. ನಾನೂ ನಂಬಿದೆ. ಮುಂಬೈಗೆ ಬಂದ ಮೇಲೆ ಡಾಕ್ಟರೊಬ್ಬರು ಹೇಳಿದರು: ರಕ್ತದಲ್ಲಿ ಒಂದು ಅಮೈನೋ ಆಮ್ಲ ಸೇರಿ ಸೇರಿ ಮಿದುಳು ಕೆಟ್ಟಿದೆ, ಹುಟ್ಟಿದ ಕೂಡಲೇ ತಿಳಿದಿದ್ದರೆ ಪಥ್ಯದಿಂದ ಉಳಿಸಬಹುದಿತ್ತು. ಆಗ ಅವನಿಗೆ ಎಂಟು ವರ್ಷ. ಹತ್ತು ತುಂಬಲಿಲ್ಲ.

ಸ್ನೇಹಾ ಹುಡುಕುತ್ತಿರುವುದು ಅದೇ ಆಮ್ಲವನ್ನು. "ಅಭೀ ನೀರಲ್ಲಿ ಮಾತ್ರ ಆಗ್ತದೆ ಅಜ್ಜಿ. ರಕ್ತಕ್ಕೆ ಇನ್ನೂ ಬಹಳ ಟೈಮ್ ಬೇಕು" ಎನ್ನುತ್ತಾಳೆ. ಇಲ್ಲದ್ದನ್ನು ಹೇಳುವವಳಲ್ಲ.

ಸಭೆಯಲ್ಲಿ ಮೊದಲು ಮುಖ್ಯ ಅತಿಥಿ ಸಾಹೇಬರಿಗೆ ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ. ಆಮೇಲೆ ಹಾಲ್ ಕೊಡಿಸಿದವರಿಗೆ, ಊಟ ಹಾಕಿಸಿದವರಿಗೆ. ಒಬ್ಬರಿಗೆ ಫೋಟೋ ಸರಿಬರಲಿಲ್ಲವೆಂದು ಎರಡನೇ ಸಲ ಶಾಲು ಹೊದಿಸಿದರು. ಅದಕ್ಕೆ ಟೈಮ್ ಇತ್ತು!

"ಸರ್, ಲೈಟ್ ಆಫ್ ಮಾಡ್ತೀರಾ? ದೋ ಮಿನಿಟ್" ಎಂದಳು ವೇದಿಕೆ ಹತ್ತಿದ ಸ್ನೇಹಾ.

ಕಾರ್ಯದರ್ಶಿ ನಕ್ಕರು. "ಲೈಟ್ ಬಂದ್ ಮಾಡಿದ್ರ ವಿಡಿಯೋದಾಗ ಸಾಹೇಬ್ರು ಕಾಣಂಗಿಲ್ಲವ್ವಾ. ಹಂಗ ತೋರ್ಸು."

ಅಷ್ಟು ಬೆಳಕಿನಲ್ಲಿ ಏನು ಕಂಡೀತು? ಎರಡು ಶೀಶೆ ನೀರು.

"ಊಟಕ್ಕ ಮೊದ್ಲ ನೀರು ಬಂತ್ರೆಪಾ!" ಎಂದು ಹಿಂದಿನಿಂದ ಯಾರೋ ಕೂಗಿದರು. ಹಾಲ್ ನಕ್ಕಿತು. ಕಾರ್ಯದರ್ಶಿ ಆಗಲೇ ಮೈಕ್ ತೆಗೆದುಕೊಂಡಿದ್ದರು. "ಒಂದು ಚಪ್ಪಾಳಿ ಹೊಡೀರಿ, ಮುಂದಿನ ಸತ್ಕಾರ..."

ನಾನು ಸಭೆಯಲ್ಲಿ ಬಾಯಿ ತೆರೆದವಳಲ್ಲ. (ವಿಧವೆ ವೇದಿಕೆ ಹತ್ತುವುದು ಈಗಲೂ ಕೆಲವರ ಕಣ್ಣಿಗೆ ಚುಚ್ಚುತ್ತದೆ.) ಅಂದು ಹತ್ತಿದೆ. ತಾಟಿನಲ್ಲಿ ಉಳಿದಿದ್ದ ಶಾಲು ಎತ್ತಿ ನನ್ನ ಮೇಲೂ ಅವಳ ಮೇಲೂ ಮುಸುಕು ಹಾಕಿದೆ.

"ತೋರ್ಸವಾ ನನಗ."

ಒಳಗೆ ಟಾರ್ಚ್ ಹತ್ತಿತು. ಎರಡೂ ಶೀಶೆ ಹಸಿರು ಹಸಿರು. ಒಂದಕ್ಕೆ ಆ ಆಮ್ಲದ ಹನಿ ಬಿಟ್ಟಳು. ಅದು ಆರಿತು. ಇನ್ನೊಂದು ಉರಿಯುತ್ತಲೇ ಇತ್ತು. ನನಗೆ ಅಳು ಬಂತು.

"ನಾನೂ ನೋಡ್ಲಾ ಅಜ್ಜಿ?" ಮುಂದಿನ ಸಾಲಿನ ಬಸುರಿ ಹೆಣ್ಣುಮಗಳು ಬಳಿ ಬಂದು ನಿಂತಿದ್ದಳು. ಶಾಲಿನ ಅಂಚು ಎತ್ತಿದೆ. ಅವಳ ಹಿಂದೆ ಇಬ್ಬರು, ಆಮೇಲೆ ಸಾಲು.

"ಅಜ್ಜಿಯವರ, ಅದು ಸಾಹೇಬ್ರ ಮಿಸೆಸ್‌ಗೆ ತಂದ ಶಾಲ್ರೀ!" ಎಂದರು ಕಾರ್ಯದರ್ಶಿ.

"ತಡೀರಿ. ಇನ್ನೂ ಮಂದಿ ಅದಾರ" ಎಂದೆ.

ಆ ಬಸುರಿಗೆ ಮುಸುಕಿನೊಳಗೇ ಹೇಳಿದೆ: ಗ್ರಹಣದ ಚಿಂತೆ ಬಿಡು, ಕೂಸು ಹುಟ್ಟಿದ ವಾರದಾಗ ಅದರ ರಕ್ತ ಪರೀಕ್ಷೆ ಮಾಡ್ಸು ಅಂತ ಡಾಕ್ಟರಿಗೆ ನೀನಾಗೇ ಕೇಳು. ನನಗೆ ಯಾರೂ ಹೇಳಿರಲಿಲ್ಲ.

ನಿನ್ನೆ ವಾಟ್ಸಾಪಿಗೆ ವಿಡಿಯೋ ಬಂತು. ಸಾಹೇಬರು ಬಹಳ ಚೆನ್ನಾಗಿ ಕಾಣುತ್ತಾರೆ. ಶಾಲಿನೊಳಗಿನ ಆ ಬೆಳಕು ಎಲ್ಲಾದರೂ ಕಾಣುತ್ತದೆಯೇ?