ಪುನ್ನೆ ಕಾಯಿಯ ಹಾಲು

ನಾವು ಹಲಸೂರಿನ ಕ್ವಾರ್ಟರ್ಸ್‌ನಲ್ಲಿದ್ದ ಆ ಕಾಲದಲ್ಲಿ ಬೇಸಿಗೆ ರಜೆಗೆಂದು ಯಾರೂ ಎಲ್ಲಿಗೂ ಹೋಗುತ್ತಿರಲಿಲ್ಲ. ಎರಡು ತಿಂಗಳೂ ಹಿತ್ತಲಲ್ಲೇ ಕಳೆದುಹೋಗುತ್ತಿದ್ದವು. ಅಲ್ಲಿ ಕಾಂಪೌಂಡ್ ಗೋಡೆಗೆ ಒರಗಿದಂತೆ ಒಂದು ದಟ್ಟ ಮರವಿತ್ತು. ಅದಕ್ಕೆ ಕನ್ನಡದಲ್ಲಿ ಸುರಹೊನ್ನೆ ಎನ್ನುತ್ತಾರೆಂದು ನನಗೆ ತಿಳಿದದ್ದು ಬಹಳ ತಡವಾಗಿ. ಆಗ ನಮಗೆಲ್ಲ ಅದು ಪುನ್ನೆ ಮರ. ಕಾಯಿ ಆರಿಸಲು ಬರುತ್ತಿದ್ದ ಆರೋಗ್ಯಮ್ಮ ಹಾಗೆ ಕರೆಯುತ್ತಿದ್ದರು, ನಾವೂ ಹಾಗೇ ಕರೆದೆವು.

ಅದರ ಹೂವು ಬಿಳಿ, ನಡುವೆ ಹಳದಿ ಕೇಸರಗಳ ಗೊಂಚಲು. ಬೆಳಿಗ್ಗೆ ಹಾಲಿಗೆಂದು ಬಾಗಿಲು ತೆಗೆದರೆ ಪರಿಮಳ ಸೀದಾ ಅಡುಗೆಮನೆಯವರೆಗೆ ಬಂದುಬಿಡುತ್ತಿತ್ತು. ಎಲೆ ದಪ್ಪ, ಎಣ್ಣೆ ಸವರಿದ ಹಾಗೆ ಮಿನುಗುವಂಥದ್ದು. ಬಿಸಿಲಿಗೆ ಹಿಡಿದು ನೋಡಿದರೆ ನಡುನರದಿಂದ ಅಂಚಿನವರೆಗೆ ಬಾಚಣಿಗೆಯ ಹಲ್ಲುಗಳಷ್ಟು ಒತ್ತೊತ್ತಾದ ಗೆರೆಗಳು. ಕಾಯಿ ಗೋಲಿಗಿಂತ ದೊಡ್ಡದು, ಗುಂಡಗೆ, ಹಸಿರು. ಹಣ್ಣಾಗಿ ಬಿದ್ದ ಮೇಲೆ ಸಿಪ್ಪೆ ಸುಕ್ಕುಗಟ್ಟಿ ಕಂದಾಗುತ್ತಿತ್ತು. ಒಳಗಿನ ಗಟ್ಟಿ ಚಿಪ್ಪಿಗೆ ತೂತು ಕೊರೆದು, ತಿರುಳು ಕೆದಕಿ ತೆಗೆದು ನಾವು ಸೀಟಿ ಮಾಡುತ್ತಿದ್ದೆವು.

ಆ ತಿರುಳೇ ಆರೋಗ್ಯಮ್ಮನ ಕಸುಬು. ಅವರು ಮರ್ಫಿ ಟೌನ್‌ನವರು. ವಾರಕ್ಕೆರಡು ಸಲ ಗೋಣಿಚೀಲ ಹಿಡಿದು ಬಂದು, ಬಿದ್ದ ಕಾಯಿ ಆರಿಸಿಕೊಂಡು ಹೋಗುತ್ತಿದ್ದರು. ಒಡೆದ ತಿರುಳನ್ನು ತಿಂಗಳುಗಟ್ಟಲೆ ಒಣಗಿಸಬೇಕಂತೆ. ಬೆಳ್ಳಗಿದ್ದದ್ದು ಕಂದಾಗಿ, ಕೈಗೆ ಜಿಡ್ಡು ಅಂಟುವ ಹೊತ್ತಿಗೆ ಗಾಣಕ್ಕೆ ಕೊಡುತ್ತಿದ್ದರು. ಬರುತ್ತಿದ್ದ ಎಣ್ಣೆ ಕಡುಹಸಿರು, ಮಂದ, ಕಹಿ ವಾಸನೆಯದು. ಬಾಣಂತಿಯರಿಗೆ, ಮುದುಕರಿಗೆ ಅದನ್ನು ತಿಕ್ಕುವುದು ಅವರ ಕೆಲಸ.

ಹಾಗೆ ನಮ್ಮ ಅಜ್ಜಿಯ ಮೊಣಕಾಲಿಗೂ ಅವರೇ ಗತಿಯಾದರು. ಅಪ್ಪನಿಗೆ ಬೆಂಗಳೂರಿಗೆ ವರ್ಗವಾದಾಗ ಅಜ್ಜಿ ನಮ್ಮೊಡನೆ ಹಾವೇರಿಯಿಂದ ಬಂದಿದ್ದಳು. ಅವಳ ಮಾತು ಕ್ವಾರ್ಟರ್ಸ್‌ನಲ್ಲಿ ಯಾರಿಗೂ ಸರಿಯಾಗಿ ತಿಳಿಯುತ್ತಿರಲಿಲ್ಲ, ಅವರದು ಇವಳಿಗೆ ತಿಳಿಯುತ್ತಿರಲಿಲ್ಲ. ಆರೋಗ್ಯಮ್ಮನ ಕನ್ನಡದಲ್ಲಿ ಅರ್ಧ ತಮಿಳು. ಆದರೂ ಹಿತ್ತಲ ಮೆಟ್ಟಿಲ ಮೇಲೆ ಕುಳಿತು ಇಬ್ಬರೂ ಗಂಟೆಗಟ್ಟಲೆ ಹರಟುತ್ತಿದ್ದರು.

"ನಮ್ಮೂರು ಸಮುದ್ರದ ಪಕ್ಕ ಅಕ್ಕಾ. ದಡದುದ್ದಕ್ಕೂ ಇದೇ ಮರ. ಉಪ್ಪು ಗಾಳಿಗೂ ಜಗ್ಗಲ್ಲ. ನಮ್ಮಪ್ಪ ದೋಣಿಗೆ ಇದರ ಮರಾನೇ ಹಾಕ್ತಿದ್ರು. ಮನೇಲಿ ದೀಪಕ್ಕೂ ಇದೇ ಎಣ್ಣೆ."

"ಸಮುದ್ರ ನಾ ಕಂಡೇ ಇಲ್ಲವಾ. ನಮ್ಮ ಕಡೆ ಇರೂದು ವರದಾ ಹೊಳಿ ಒಂದು."

"ನಾನು ಕರ್ಕೊಂಡು ಹೋಗ್ತೀನಿ ಬನ್ನಿ ಅಕ್ಕಾ. ಮೊದ್ಲು ಕಾಲು ಸರಿ ಹೋಗ್ಲಿ."

ಇಬ್ಬರೂ ನಗುತ್ತಿದ್ದರು. ಅಜ್ಜಿ ಅವರಿಗೆಂದೇ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಇಟ್ಟು ಕೊಡುತ್ತಿದ್ದಳು.

ಮಕ್ಕಳಿಗೆ ಆರೋಗ್ಯಮ್ಮ ಮತ್ತೆ ಮತ್ತೆ ಹೇಳುತ್ತಿದ್ದದ್ದು ಒಂದೇ ಮಾತು. "ಹಸಿರು ಕಾಯಿ ಕೀಳ್ಬೇಡಿ ಪಾಪಾ. ಅದ್ರ ಹಾಲು ಕಣ್ಣಿಗೆ ಬಿದ್ರೆ ಕಣ್ಣೇ ಹೋಗುತ್ತೆ. ಅದಾಗೇ ಬೀಳೋ ತನಕ ಕಾಯ್ಬೇಕು."

ನನಗಾಗ ಹತ್ತು ವರ್ಷ, ತಮ್ಮ ಗಿರೀಶನಿಗೆ ಆರು. ಆ ಬೇಸಿಗೆಯಲ್ಲಿ ಪುನ್ನೆ ಕಾಯಿಯ ಗೋಲಿಯಾಟದ ಹುಚ್ಚು ಹತ್ತಿತ್ತು. ಬಿದ್ದ ಕಾಯಿ ನೆಟ್ಟಗೆ ಉರುಳುವುದಿಲ್ಲ, ಹಸಿರಾದರೆ ಗೆರೆ ಎಳೆದ ಹಾಗೆ ಹೋಗುತ್ತದೆ. ಒಂದು ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ನಾನು ಕಾಂಪೌಂಡ್ ಗೋಡೆ ಹತ್ತಿದೆ. ಗಿರೀಶನಿಗೆ ಕೆಳಗೆ ಅಂಗಿ ಹರಡಿ ನಿಲ್ಲಲು ಹೇಳಿದೆ.

"ಅಕ್ಕಾ, ಆರೋಗ್ಯಮ್ಮ ಬ್ಯಾಡ ಅಂದಾರ."

"ಸುಮ್ನಿರು. ಮ್ಯಾಲೆ ನೋಡು, ಇಲ್ಲಾಂದ್ರೆ ಕಾಯಿ ತಪ್ಪತಾವ."

ಅವನು ಮೇಲೆ ನೋಡಿದ. ನಾನು ಗೊಂಚಲು ಮುರಿದೆ. ಮುರಿದ ಕಡೆಯಿಂದ ಹಾಲು ತೊಟ್ಟಿಕ್ಕಿತು.

ಅವನು ಕಿರುಚಿದ್ದು ಇನ್ನೂ ನನ್ನ ಕಿವಿಯಲ್ಲಿದೆ. ಅಮ್ಮ ಓಡಿ ಬಂದಳು. ನಲ್ಲಿಯ ಕೆಳಗೆ ಕಣ್ಣು ತೊಳೆದರು. ಅದು ಊದಿಕೊಂಡು ಮುಚ್ಚಿಯೇ ಹೋಯಿತು. ಅಪ್ಪ ಆಫೀಸಿನಿಂದ ಬಂದು ಆಟೋದಲ್ಲಿ ಶಿವಾಜಿನಗರದ ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದರು. ಹದಿನೈದು ದಿನ ಪಟ್ಟಿ ಕಟ್ಟಬೇಕು, ಆಮೇಲಷ್ಟೇ ಏನಾದರೂ ಹೇಳಲು ಸಾಧ್ಯ ಎಂದರಂತೆ.

ಸಂಜೆ ಅಮ್ಮ ನನ್ನ ರಟ್ಟೆ ಹಿಡಿದು ಕೇಳಿದಳು. "ಹಸಿ ಕಾಯಿ ಹರೀರಿ ಅಂತ ಯಾರು ಹೇಳಿದ್ರು?"

ಯಾರೂ ಹೇಳಿರಲಿಲ್ಲ. ಆದರೆ ಆ ಪ್ರಶ್ನೆಯೊಳಗೇ ನನಗೊಂದು ದಾರಿ ಕಂಡಿತು.

"ಆರೋಗ್ಯಮ್ಮ" ಎಂದೆ.

ಗಿರೀಶ ಅಪ್ಪನ ತೊಡೆಯ ಮೇಲಿದ್ದ. ಪಟ್ಟಿಯಿಲ್ಲದ ಕಣ್ಣಿಂದ ನನ್ನನ್ನೇ ನೋಡಿದ. ಆಮೇಲೆ ಅಪ್ಪನ ಎದೆಗೆ ಮುಖ ಒತ್ತಿಕೊಂಡ.

ಎರಡು ದಿನ ಬಿಟ್ಟು ಆರೋಗ್ಯಮ್ಮ ಬಂದರು. ಅಮ್ಮ ಗೇಟಿನ ಬಳಿಯೇ ತಡೆದಳು. "ನಿಮ್ಮ ಮಾತು ಕೇಳಿ ನಮ್ಮ ಹುಡುಗನ ಕಣ್ಣು ಹೋಗೂ ಹಂಗಾಗೇದ. ಇನ್ನ ಮ್ಯಾಲೆ ಈ ಕಡೆ ಬರಬ್ಯಾಡ್ರಿ."

ಆರೋಗ್ಯಮ್ಮ ಅಮ್ಮನನ್ನು ನೋಡಿದರು. ಆಮೇಲೆ ಅವಳ ಹಿಂದೆ ನಿಂತಿದ್ದ ನನ್ನನ್ನು ನೋಡಿದರು. ನಾನು ತಲೆ ತಗ್ಗಿಸಿದೆ. "ಮಗು ಕಣ್ಣು ಈಗ ಹೆಂಗಿದೆ?" ಎಂದಷ್ಟೇ ಕೇಳಿದರು. ಅಮ್ಮ ಗೇಟು ಎಳೆದುಕೊಂಡಳು. ಅವರು ಖಾಲಿ ಚೀಲ ಮಡಚಿಕೊಂಡು ಹೊರಟುಹೋದರು. ಅಕ್ಕಪಕ್ಕದವರೂ ಸೇರಿ, ಹೊರಗಿನವರನ್ನು ಒಳಗೆ ಬಿಡಬೇಡ ಎಂದು ಗೇಟಿನವನಿಗೆ ಹೇಳಿದರು.

"ಆಕಿ ಹಂಗ ಹೇಳೂವಾಕಿ ಅಲ್ಲ" ಎಂದು ಅಜ್ಜಿ ಎರಡು ದಿನ ವಾದಿಸಿದಳು. ಮೂರನೆಯ ದಿನ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡಳು. "ಶೈಲಾ, ಖರೇ ಹೇಳು. ನಾ ಯಾರಿಗೂ ಹೇಳೂದಿಲ್ಲ."

"ಖರೇನ ಅಜ್ಜಿ. ಆಕೀನ ಹೇಳಿದ್ಲು."

ಅಜ್ಜಿ ನನ್ನ ತಲೆ ನೇವರಿಸಿದಳು. ಮತ್ತೆ ಎಂದೂ ಕೇಳಲಿಲ್ಲ.

ಗಿರೀಶನ ಕಣ್ಣು ಪೂರ್ತಿ ವಾಸಿಯಾಯಿತು. ಆಗಲಾದರೂ ಹೇಳಬಹುದಿತ್ತು. ನಾಳೆ ಹೇಳುತ್ತೇನೆ ಎಂದುಕೊಂಡೆ, ಶಾಲೆ ಶುರುವಾಯಿತು. ಆ ಮಳೆಗಾಲದಲ್ಲಿ ಕಾಯಿ ಆರಿಸುವವರಿಲ್ಲದೆ ಮರದ ಬುಡದಲ್ಲೇ ಕೊಳೆತವು, ಕೆಲವು ಮೊಳೆತವು. ಮಾತ್ರೆ ನುಂಗಿದರೂ ಅಜ್ಜಿಯ ಮೊಣಕಾಲು ಬಗ್ಗದಾಯಿತು. ಅವಳು ಹಿತ್ತಲ ಕಡೆಯ ಬಾಗಿಲಿಗೆ ಬರುವುದನ್ನೇ ಬಿಟ್ಟಳು. ನಾನು ಪಿಯುಸಿಯಲ್ಲಿದ್ದಾಗ ತೀರಿಕೊಂಡಳು.

ಅದಾದ ಮರುವರ್ಷ ನಾನು ಮರ್ಫಿ ಟೌನ್‌ನಲ್ಲಿ ಕೇಳಿಕೊಂಡು ಕೇಳಿಕೊಂಡು ಆರೋಗ್ಯಮ್ಮನ ಮನೆ ಹುಡುಕಿದೆ. ಒಂದೇ ಕೋಣೆ. ಬಾಗಿಲಲ್ಲಿ ಕುಳಿತು ಸೊಪ್ಪು ಸೋಸುತ್ತಿದ್ದರು. ತುಂಬಾ ಬಡಕಲಾಗಿದ್ದರು. ನಾನು ಯಾರೆಂದು ಹೇಳಿದೆ, ಆ ಮಧ್ಯಾಹ್ನದ್ದೆಲ್ಲ ಹೇಳಿ ಅತ್ತುಬಿಟ್ಟೆ. ಅವರು ಸೊಪ್ಪು ಬದಿಗಿಟ್ಟು ನನ್ನ ಕೈ ಹಿಡಿದುಕೊಂಡರು.

"ನಂಗೆ ಆವತ್ತೇ ಗೊತ್ತಾಯ್ತು ಪಾಪಾ. ಚಿಕ್ಕವಳು ನೀನು, ಭಯ ಬಿದ್ದಿದ್ದೆ. ನಾನು ಹಂಗೆ ಹೇಳಿಲ್ಲ ಅಂದಿದ್ರೆ ನಿಮ್ಮಮ್ಮ ನಿನ್ನ ಹೊಡೀತಿದ್ರು, ಅದಕ್ಕೆ ಸುಮ್ನಾದೆ." ಆಮೇಲೆ ಕೇಳಿದರು. "ಅಕ್ಕಂಗೆ ಹೇಳಿದ್ಯಾ? ನಾನು ಹಂಗೆ ಹೇಳಿರ್ಲಿಲ್ಲ ಅಂತ?"

ಅಜ್ಜಿ ಹೋಗಿಬಿಟ್ಟಳೆಂದು ಹೇಳಬೇಕಾಯಿತು. ಅವರ ಕೈ ನನ್ನ ಕೈಯಿಂದ ಮೆಲ್ಲಗೆ ಜಾರಿತು.

"ಅವ್ರಿಗೆ ಹೇಳ್ಬೇಕಿತ್ತು" ಎಂದು ಸೊಪ್ಪನ್ನು ಮತ್ತೆ ಮುಂದಕ್ಕೆಳೆದುಕೊಂಡರು.

ಈಗ ಇಂದಿರಾನಗರದ ಅಂಗಡಿಗಳಲ್ಲಿ ಆ ಎಣ್ಣೆ ಬೆರಳುದ್ದದ ಸೀಸೆಗಳಲ್ಲಿ ಸಿಗುತ್ತದೆ, ಮುಖಕ್ಕೆ ಹಚ್ಚಿಕೊಳ್ಳಲಂತೆ. ಮರವೇನೂ ಹೋಗಿಲ್ಲ. ಕ್ವಾರ್ಟರ್ಸ್ ಹೊಸದಾಗಿ ಕಟ್ಟಿದಾಗಲೂ ಅದನ್ನು ಉಳಿಸಿಕೊಂಡಿದ್ದಾರೆ, ಹೂ ಬಿಡುತ್ತದೆ, ಪರಿಮಳ ರಸ್ತೆಗೂ ಬರುತ್ತದೆ. ಹೋದದ್ದು ಮೆಟ್ಟಿಲ ಮೇಲಿನ ಆ ಎರಡು ದನಿಗಳು. ಅವರಿಬ್ಬರಿಗೂ ಈ ಊರಲ್ಲಿ ಬೇರೆ ಗೆಳತಿಯರಿರಲಿಲ್ಲ. ಹತ್ತು ವರ್ಷದವಳಾದರೂ ಅದು ನನಗೆ ಚೆನ್ನಾಗಿ ಗೊತ್ತಿತ್ತು.