ಹುಳು ಗೂಡು ಕಟ್ಟುವ ತನಕ

ಮೊನ್ನೆ ಮಗಳಿಗೆ ಎದೆ ಕಟ್ಟಿತ್ತು. ಕುದಿನೀರಿಗೆ ನಾಲ್ಕು ತೊಟ್ಟು ನೀಲಗಿರಿ ಎಣ್ಣೆ ಬಿಟ್ಟು, ಅವಳ ತಲೆಯ ಮೇಲೆ ಕಂಬಳಿ ಹೊದಿಸಿದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ವೇಮಗಲ್ಲಿನ ಪಕ್ಕದ ಮನೆಯ ಅಕ್ಕ ನೆನಪಾದರು…

ಯುದ್ಧದ ಕಾಲ. ನಾನು ಆ ಬೀದಿಗೆ ಹೊಸ ಸೊಸೆ. ಪ್ಯಾರಾಚೂಟಿಗೆ ಬೇಕೆಂದು ರೇಷ್ಮೆಗೆ ಬೆಲೆ ಬಂದಿತ್ತು. ಅಕ್ಕನ ಮನೆಯಲ್ಲಿ ಒಂದು ಬೆಳೆ ಇಳಿಯುವ ಮುಂಚೆಯೇ ಇನ್ನೊಂದಕ್ಕೆ ಮೊಟ್ಟೆ ತರುತ್ತಿದ್ದರು. ಹುಳು ನೋಡಿಕೊಳ್ಳುವುದು ಅಕ್ಕನೊಬ್ಬರದೇ ಕೆಲಸ. ಕಿಟಕಿಗೆ ಗೋಣಿ, ಗೋಡೆಯುದ್ದಕ್ಕೂ ಹುಳುವಿನ ತಟ್ಟೆಗಳು, ಮೂಲೆಯಲ್ಲಿ ಹುಳುವಿಗೆ ಕಾವು ಕೊಡಲು ಸೌದೆ ಕೆಂಡದ ಅಗ್ಗಿಷ್ಟಿಕೆ. ಅದರ ಹೊಗೆಗೆ ಹೊರಗೆ ಹೋಗಲು ದಾರಿಯಿರಲಿಲ್ಲ. ಪೊರೆ ಬಿಡುವ ಮುಂಚೆ ಹುಳುಗಳು ಮೇವು ಬಿಟ್ಟು ಮಲಗಿದಾಗ ಮನೆಯವರೆಲ್ಲ ಪಿಸುಮಾತಾಡುತ್ತಿದ್ದರು. ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೆಮ್ಮುತ್ತಿದ್ದರು. ಗೋಡೆಯಾಚೆ ನನಗೆ ಕೇಳಿಸುತ್ತಿತ್ತು.

ಕ್ಷಯವಿರಬಹುದೆಂದು ಅವರ ಗಂಗಳ, ಲೋಟ ಬೇರೆ ಇಟ್ಟಿದ್ದರು. ಕೊನೆಗೆ ಕೋಲಾರದ ಡಾಕ್ಟರಿಗೆ ತೋರಿಸಿದರು. ಬಂದ ದಿನ ಅಕ್ಕ ನಮ್ಮ ಅಡುಗೆಮನೆಯ ಹೊಸಲ ಮೇಲೆ ಕೂತರು.

"ಕ್ಷಯ ಅಲ್ವಂತೆ ಕಣೇ. ಶ್ವಾಸನಾಳ ಊದ್ಕೊಂಡೈತಂತೆ. ಹೊಸಾ ಕೆಮ್ಮಾಗಿದ್ರೆ ಎರಡು ಮೂರು ವಾರಕ್ಕೆ ಹೋಗ್ತಿತ್ತಂತೆ. ನಂದು ವರ್ಷಾವರ್ಷ ಬರೋ ಹಳೇದು, ಪೂರ್ತಿ ಹೋಗಲ್ವಂತೆ. ಹೊಗೆಯಿಂದ ದೂರ ಇದ್ರೆ ಹತೋಟೀಲಿರುತ್ತಂತೆ. ಹೊಗೆ ಬಿಡು ಅಂದ್ರೆ ಮನೆ ಬಿಡು ಅಂದಂಗೆ ಅಲ್ವಾ?"

ನಕ್ಕರು. ನಗು ಕೆಮ್ಮಾಯಿತು.

ಡಾಕ್ಟರು ಕುಡಿಯಲು ಮಿಕ್ಸ್ಚರ್ ಕೊಟ್ಟು, ದಿನಾ ನೀಲಗಿರಿ ಎಣ್ಣೆಯ ಆವಿ ತೆಗೆದುಕೊಳ್ಳಲು ಹೇಳಿದ್ದರು. ಆದರೆ ಹುಳುವಿರುವ ಮನೆಗೆ ಒಗ್ಗರಣೆಯ ಘಾಟೂ ಆಗದು. ಗೌನಿಪಲ್ಲಿಯ ತೆಲುಗು ಕಡೆಯವರಾದ ಅವರ ಅತ್ತೆ ಎಣ್ಣೆಯ ಬಿರಡೆ ತೆಗೆದು ಮೂಸಿದವರೇ, "ಏಮ್ಮಾ, ಹುಳಕ್ಕೂ ಮೂಗೈತೆ. ಇದನ್ನ ಹೊಸಲು ದಾಟಿಸ್ಬೇಡ" ಎಂದರಂತೆ.

ಬಾಟಲಿ ನಮ್ಮ ಮನೆಗೆ ಬಂತು. ಸಂಜೆ ಅಕ್ಕ ಬಂದು ಕಂಬಳಿಯೊಳಗೆ ತಲೆಯಿಟ್ಟು ಕೂರುತ್ತಿದ್ದರು. ಸ್ವಲ್ಪ ಹೊತ್ತಿಗೆ ಉಸಿರು ಸಡಿಲವಾಗುತ್ತಿತ್ತು. ಆದರೆ ಆ ವಾಸನೆ ಹೊತ್ತು ಹುಳುವಿನ ಹತ್ತಿರ ಹೋಗುವಂತಿಲ್ಲ. ಬಾವಿಕಟ್ಟೆಯಲ್ಲಿ ತಲೆಗೆ ತಣ್ಣೀರು ಸುರಿದುಕೊಂಡು, ಸೀರೆ ಬದಲಿಸಿಯೇ ಒಳಗೆ ಕಾಲಿಡಬೇಕು. ಪುಷ್ಯಮಾಸದ ಚಳಿ. ಬಾವಿಕಟ್ಟೆಯಿಂದಲೇ ಮತ್ತೆ ಕೆಮ್ಮು ಶುರುವಾಗುತ್ತಿತ್ತು.

"ಬೆಳೆ ಮುಗಿಯೋ ತನಕ ಇಲ್ಲೇ ಮಲಗಿ ಅಕ್ಕ" ಎಂದೆ ಒಂದು ದಿನ.

"ನಾನಿಲ್ಲಿ ಮಲಗಿದ್ರೆ ಅವಕ್ಕೆ ಸೊಪ್ಪು ಹಾಕೋರ್ಯಾರೇ, ನಿನ್ನ ಗಂಡನಾ?"

ಆಮೇಲೆ ಬರುವುದನ್ನೇ ಬಿಟ್ಟರು. ಹುಳುಗಳು ಬಲಿತು ಹಗಲಿರುಳೂ ಸೊಪ್ಪು ಬೇಡುವ ಹೊತ್ತಿಗೆ ಅಕ್ಕನ ಮೈ ಸುಡತೊಡಗಿತು. ಆಡುಸೋಗೆ ಕಷಾಯ ಕುಡಿಸಿದರು, ಎದೆಗೆ ಬಿಸಿ ಉಪ್ಪಿನ ಗಂಟು ಇಟ್ಟರು. ಎಲ್ಲವೂ ಅದೇ ಕೆಂಡದ ಕೋಣೆಯಲ್ಲಿ… ಬೆಚ್ಚಗಿರುತ್ತದಲ್ಲ ಎಂದು.

ಹುಳು ಹಣ್ಣಾಗಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಟ್ಟ ಮಾರನೆಯ ಸಂಜೆ ಅಕ್ಕ ಗೋಡೆ ಹಿಡಿದುಕೊಂಡು ಬಂದರು. ತಾವೇ ಕಂಬಳಿ ಎಳೆದುಕೊಂಡರು. ಬಹಳ ಹೊತ್ತು ಕೂತರು. ಆಮೇಲೆ ಮುಖ ಹೊರಗೆ ಹಾಕಿ, "ಇವತ್ತು ಸ್ನಾನ ಇಲ್ಲ ಕಣೇ. ಗೂಡು ಕಟ್ತಾ ಅವೆ, ಇನ್ನು ಸೊಪ್ಪು ಹಾಕೋದಿಲ್ಲ" ಎಂದರು.

ಗೂಡು ಬಿಡಿಸುವ ದಿನಕ್ಕೆ ಅಕ್ಕ ಇರಲಿಲ್ಲ. ಬೆಳೆ ಚೆನ್ನಾಗಿಯೇ ಬಂದಿತ್ತು.

ಮಗಳು ಕಂಬಳಿ ಸರಿಸಿದಳು. ಮುಖವೆಲ್ಲ ಬೆವರು. "ಮೈಯೆಲ್ಲ ವಾಸನೆ. ನೀರು ಹಾಕ್ಕೊಂಬಿಡ್ಲಾಮ್ಮ?" ಎಂದಳು.

ಬೇಡ, ಹಾಗೇ ಮಲಗು ಎಂದೆ. ಅಕ್ಕನಿಗೂ ಮಲಗಿ ಎಂದಿದ್ದೆ… ಕೇಳುವಷ್ಟು ಬಿಡುವು ಅವರಿಗಿರಲಿಲ್ಲ. ಕಿಟಕಿ ತೆರೆದಿಟ್ಟೆ. ಮಗಳು ಆ ವಾಸನೆಯಲ್ಲೇ ನಿದ್ದೆ ಹೋದಳು.