ನಳಿಕೆಯ ಬುಡದ ಹಲ್ಲುಗುರುತು

ಅಕ್ಕನ ಮಾವನ ಬಂದೂಕಿನ ನಳಿಕೆಯ ಬುಡದಲ್ಲಿ, ಕೆತ್ತಿದ ನಂಬರಿನ ಪಕ್ಕದಲ್ಲೇ, ಕೆಲವು ಸಣ್ಣ ಗೀರುಗಳಿದ್ದವು. ಇದ್ದವು ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ರಾಯದುರ್ಗದ ಆ ರಿಪೇರಿ ಅಂಗಡಿಗೆ ಹೋಗುವ ಮೊದಲೇ ಇದ್ದವೋ, ಅಲ್ಲಿಯೇ ಆದವೋ ಎಂಬುದು ಮಾತ್ರ ಇಷ್ಟು ವರ್ಷವಾದರೂ ಇತ್ಯರ್ಥವಾಗಿಲ್ಲ.

ಆಗ ಅಕ್ಕ, ಭಾವ ಇಬ್ಬರೂ ಗುಡಿಬಂಡೆ ಕಡೆಯ ಊರು ಬಿಟ್ಟು ರಾಯದುರ್ಗಕ್ಕೆ ಬಂದು ಜೀನ್ಸ್ ಹೊಲಿಯುತ್ತಿದ್ದರು. ಬಾಡಿಗೆ ಮನೆಯ ಪಡಸಾಲೆ ತುಂಬ ಹೊಲಿಗೆ ಮಿಷನ್ನುಗಳು, ಉಳಿದ ಜಾಗದಲ್ಲಿ ಸಂಸಾರ. ನಾನು ಎಂ.ಎ. ಪರೀಕ್ಷೆ ಬರೆದು, ಫಲಿತಾಂಶ ಬರುವವರೆಗೆ ಅವರ ಜೊತೆಗಿದ್ದೆ. ಹೊಲಿದ ಪ್ಯಾಂಟುಗಳಿಂದ ಇಳಿಬಿದ್ದ ದಾರ ಕತ್ತರಿಸುವುದು ನನ್ನ ಕೆಲಸ. ಊರಿನಲ್ಲಿ ಕಡಲೆಕಾಯಿ ಹೊಲ ನೋಡಿಕೊಂಡಿದ್ದ ಮಾವ ಒಂದು ಬೆಳಿಗ್ಗೆ ಹಳೆಯ ರೈಫಲ್ಲನ್ನು ಗೋಣಿತಾಟಿನಲ್ಲಿ ಸುತ್ತಿಕೊಂಡು, ಲೈಸೆನ್ಸನ್ನು ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು ಬಂದಿಳಿದರು. ಹಂದಿಗಳಿಂದ ಬೆಳೆ ಕಾಯಲು ಅವರ ಅಪ್ಪ ತಂದಿದ್ದ ಬಂದೂಕು ಅದು. ಈಚೆಗೆ ಹೊಡೆದರೆ ಹೊಗೆ ಮುಖಕ್ಕೇ ನುಗ್ಗುತ್ತಿತ್ತು. ನಳಿಕೆಯನ್ನು ತಿರುಗಿಸಿ ಬಿಚ್ಚಿ, ಅದು ಕೂರುವ ಜಾಗ ನೋಡಬೇಕಿತ್ತು.

ಮಾವನಿಗೆ ಹೊಗೆಗಿಂತ ಆ ಬಿಚ್ಚುವುದರ ಭಯವೇ ಹೆಚ್ಚು. ಚುನಾವಣೆ ಬಂದಾಗ ಬಂದೂಕನ್ನು ಠಾಣೆಗೆ ಒಪ್ಪಿಸಬೇಕು. ವಾಪಸು ಕೊಡುವಾಗ ನಳಿಕೆಯ ನಂಬರನ್ನು ಲೈಸೆನ್ಸಿನ ಜೊತೆ ತಾಳೆ ನೋಡುತ್ತಾರೆ. ಅವರ ನೆಂಟರೊಬ್ಬರ ಬಂದೂಕಿನಲ್ಲಿ ನಂಬರಿನ ಜಾಗ ಕೆರೆದಂತಿತ್ತೆಂದು, ನಳಿಕೆಯನ್ನೇ ಬದಲಾಯಿಸಿರಬಹುದೆಂಬ ಅನುಮಾನದಿಂದ ಅದು ಮತ್ತೆ ಮನೆಗೆ ಬರಲೇ ಇಲ್ಲ. ನಂಬರಿನ ಹತ್ತಿರ ಒಂದು ಗೀರು ಬಿದ್ದರೂ ಅಪ್ಪನ ಬಂದೂಕು ಕೈಬಿಟ್ಟಿತೆಂದೇ ಮಾವ ನಂಬಿದ್ದರು.

ಭಾವನಿಗೆ ಮಾಲು ಒಪ್ಪಿಸುವ ಗಡಿಬಿಡಿ. ಹಾಗಾಗಿ ಮಾವನ ಜೊತೆ ನಾನು ಹೋದೆ. ಬಂದೂಕು ರಿಪೇರಿಗೆ ಪರವಾನಗಿ ಇದ್ದ ಮೇಸ್ತ್ರಿಯ ಬೆಂಚಿನ ತುಂಬ ಈಗ ಹೊಲಿಗೆ ಮಿಷನ್ನಿನ ಬಿಡಿಭಾಗಗಳೇ. ಅವರು ನಳಿಕೆ ಮುಟ್ಟಿ ಬೆರಳು ಮೂಸಿದರು.

"ಯಜಮಾನ್ರ, ಇಷ್ಟ್ ಎಣ್ಣಿ ಯಾಕ ಹಚ್ಚೀರಿ? ಮಿರ್ಚಿ ಕರಿಯೋದೈತೇನ್ರಿ?"

"ಆಯುಧ ಪೂಜೆಗೆ ಅಚ್ತೀವಪ್ಪ, ವರ್ಷಾ ವರ್ಷಾ. ಪೂಜೆ ಎಣ್ಣೆ ಒರಸೋ ಪದ್ಧತಿ ಇಲ್ಲ ನಮ್ಮಲ್ಲಿ."

ಕಡಲೆಕಾಯಿ ಎಣ್ಣೆ, ವಿಭೂತಿ, ಊದುಬತ್ತಿಯ ಹೊಗೆ ಎಲ್ಲ ಸೇರಿ ನಳಿಕೆಯ ಬುಡದಲ್ಲಿ ಕಪ್ಪು ಪದರ ಕಟ್ಟಿತ್ತು. ನಂಬರನ್ನಷ್ಟೇ ಮಾವ ಉಗುರಿನಿಂದ ಬಿಡಿಸಿ ಇಟ್ಟಿದ್ದರು. ಮೇಸ್ತ್ರಿ ಸೀಮೆಎಣ್ಣೆಯ ಬಟ್ಟೆ ತೆಗೆದುಕೊಂಡರೆ ಮಾವ ಅವರ ಕೈ ಹಿಡಿದರು. ಬೆಂಚಿನ ಮೇಲೆ ಸಾಮಾನನ್ನು ಕಚ್ಚಿ ಹಿಡಿಯುವ ವೈಸಿನ ಕಬ್ಬಿಣದ ದವಡೆಗಳಲ್ಲಿ ಹಲ್ಲುಗಳಿದ್ದವು. ಅದರ ನಡುವೆ ಇಡಲು ಮೇಸ್ತ್ರಿ ಮರದ ತುಂಡುಗಳನ್ನು ತಂದರು. ಮಾವ ಅದಕ್ಕೂ ಒಪ್ಪದೆ, ಅಕ್ಕ ಕಟ್ಟಿಕೊಟ್ಟಿದ್ದ ಜೀನ್ಸ್ ತುಂಡುಗಳ ಗಂಟನ್ನು ಬಿಚ್ಚಿದರು.

"ಬಟ್ಟಿ ಹಿಡಿಯಂಗಿಲ್ರಿ. ಗಾಯ ಆಗೋದು ಬಿಗಿ ಮಾಡಿದ್ದಕ್ಕಲ್ಲ, ಜಾರಿದ್ದಕ್ಕ."

"ಮೆತ್ತಗಿದ್ರೆ ತಾನೆ ಗಾಯ ಆಗ್ದೆ ಇರೋದು? ಮಗೀನ ಕಲ್ಲಿನ್ ಮ್ಯಾಲೆ ಮಲಗಿಸ್ತಾರಾ?"

ನನಗೂ ಮಾವನ ಮಾತೇ ಸರಿಯೆನಿಸಿತ್ತು. "ನಿಮ್ಮ ಸಮಾಧಾನಕ್ಕ ಒಮ್ಮಿ ನೋಡೋಣ" ಎಂದು ಮೇಸ್ತ್ರಿ ಬಟ್ಟೆ ಸುತ್ತಿ, ವೈಸ್ ಬಿಗಿ ಮಾಡಿ, ಉದ್ದ ಹಿಡಿಕೆಯ ಪಾನಾ ಹಾಕಿ ಎಳೆದರು. ಬುಡ ಬಿಚ್ಚಿಕೊಳ್ಳುವ ಬದಲು ನಳಿಕೆಯೇ ಬಟ್ಟೆಯೊಳಗೆ ತಿರುಗಿತು. ಆಗ ಕಿರ್ರೆಂದದ್ದು ಕೇಳಿಸಿತು ಎಂದು ಬರೆಯಬೇಕೆನಿಸುತ್ತದೆ. ಪಕ್ಕದ ಮನೆಯ ಹೊಲಿಗೆ ಮಿಷನ್ನುಗಳ ಸದ್ದಿನಲ್ಲಿ ಅದು ಹೇಗೆ ಕೇಳಿಸೀತು?

ಬಟ್ಟೆ ಬಿಡಿಸಿದಾಗ ಕಪ್ಪು ಪದರ ಬಟ್ಟೆಗೇ ಅಂಟಿಕೊಂಡು ಬಂತು. ಅದರ ಕೆಳಗೆ ಗೀರುಗಳು.

"ಕಚ್ಚಿಸ್ಬಿಟ್ಯಲ್ಲಪ್ಪ ಮೇಸ್ತ್ರಿ!"

"ನಾ ಕಚ್ಚಿಸಿಲ್ರಿ. ನೋಡ್ರಿ, ಗೀರಿನೊಳಗ ಕಪ್ಪೈತಿ. ಹೊಸಾದಾದ್ರ ಬೆಳ್ಳಗ ಹೊಳೀತೈತಿ. ಹಿಂದ ಯಾವನೋ ಬಿಚ್ಯಾನ."

"ನಮ್ಮಪ್ಪ ಇದನ್ನ ಯಾರ್ ಕೈಗೂ ಕೊಟ್ಟೋನಲ್ಲ."

"ಹಂಗಾರ ನಿಮ್ಮಪ್ಪಗ ಕೊಟ್ಟಾವ ಬಿಚ್ಚಿರಬೇಕು."

"ಆ ಕಪ್ಪು ನಮ್ಮೆಣ್ಣೇದಯ್ಯ. ಎಣ್ಣೆ ಗೀರೊಳಕ್ಕೆ ಇಳಿಯಾಕೆ ಎಷ್ಟೊತ್ತು ಬೇಕು?"

ಇಬ್ಬರೂ ನನ್ನ ಕಡೆ ನೋಡಿದರು. ನಾನು ಬಗ್ಗಿ ನೋಡಿದೆ. ಗೀರುಗಳೆಲ್ಲ ಕಪ್ಪಾಗಿದ್ದವು. ನಳಿಕೆಯನ್ನು ಓರೆ ಮಾಡಿದರೆ ಒಂದೆರಡು ಹೊಳೆದವು. ಎಣ್ಣೆ ಹೊಳೆಯಿತೋ ಲೋಹವೋ ತಿಳಿಯಲಿಲ್ಲ. ವೈಸಿನ ಹಲ್ಲು ಬಟ್ಟೆಯನ್ನು ದಾಟಿದ್ದರೆ ತೂತಿರಬೇಕಲ್ಲ ಎಂದು ಬಟ್ಟೆ ಹಿಡಿದು ನೋಡಿದೆ. ತೂತುಗಳಿದ್ದವು. ಆದರೆ ಅವು ಹೊಲಿಗೆ ಬಿಚ್ಚಿದ ತುಂಡುಗಳು, ಸೂಜಿಯ ತೂತು ಮೊದಲೇ ಇದ್ದಂಥವು. ಬಟ್ಟೆಯನ್ನು ಮಡಚಿ ಬೆಂಚಿನ ಮೇಲಿಟ್ಟೆ.

ಕೊನೆಗೆ ಮಾವ ನಳಿಕೆಗೆ ಕೈಮುಗಿದು, "ಒರಸು" ಎಂದರು. ಮೇಸ್ತ್ರಿ ಎಣ್ಣೆಯೆಲ್ಲ ತೆಗೆದರು. ಮರದ ತುಂಡುಗಳಲ್ಲಿ ನಳಿಕೆ ಕೂರುವ ತಗ್ಗಿಗೆ ಜಾರದಂತೆ ರಾಳದ ಪುಡಿ ಉದುರಿಸಿ, ನಂಬರಿಗೆ ಮರ ತಾಗದಂತೆ ಹಿಡಿಸಿದರು. ಈ ಸಲ ಎಳೆದಾಗ ನಳಿಕೆ ಅಲುಗಲಿಲ್ಲ, ಬುಡ ಬಿಟ್ಟುಕೊಂಡಿತು. ಒಳಗೆ ತುಕ್ಕು ತಿಂದಿತ್ತು. ಅದನ್ನು ತೆಗೆದು, ಸರಿಯಾಗಿ ಕೂರಿಸಿ ಜೋಡಿಸಿದರು. ಹೊಸ ಗೀರು ಒಂದೂ ಇಲ್ಲ. ನಂಬರು ಚೊಕ್ಕ. ಪಕ್ಕದಲ್ಲಿ ಆ ಗೀರುಗಳು.

"ಉಜ್ಜಿಬಿಡ್ಲೇನ್ರಿ? ಗೊತ್ತೇ ಆಗಂಗಿಲ್ಲ."

ಮಾವ ಹೂಂ ಎಂದರು, ಮರುಕ್ಷಣ ಬೇಡ ಎಂದರು. "ಉಜ್ಜಿದ್ರೆ ನಂಬರ್ ಪಕ್ಕ ಬೆಳ್ಳಗಾಗ್ತದೆ. ಠಾಣೆಯೋರ ಕಣ್ಣು ಅಲ್ಲಿಗೇ ಓಗ್ತದೆ."

"ಕಪ್ಪು ಬಣ್ಣ ಕೊಡ್ತೀನಿ."

"ಬಣ್ಣ ಯಾಕ್ ಒಡೆಸ್ದೆ ಅಂತಾರೆ. ಇರ್ಲಿ ಬಿಡಪ್ಪ. ಇದ್ದಂಗಿರ್ಲಿ."

ಯಾವ ಗುರುತು ಆಗಬಾರದೆಂದು ಅಷ್ಟು ಹೆದರಿದವರು ಈಗ ಅದನ್ನು ಯಾರೂ ಮುಟ್ಟದಂತೆ ಕೈ ಅಡ್ಡ ಹಿಡಿದಿದ್ದರು.

ಬಸ್‌ಸ್ಟ್ಯಾಂಡಿನಲ್ಲಿ ಮಾವ ನನ್ನನ್ನು ಕೇಳಿದರು: "ಮಗಾ, ಇದು ಮೊದ್ಲಿಂದ್ಲೂ ಇತ್ತು. ಅಬ್ಬಕ್ಕೆ ಬಂದಾಗ ನೀನೂ ನೋಡಿದ್ದೆ, ಅಲ್ವಾ?"

"ಹೂಂ ಮಾವ" ಎಂದೆ. ಅದರ ಹಿಂದಿನ ಆಯುಧ ಪೂಜೆಗೆ ನಾನು ಅವರ ಮನೆಗೆ ಹೋಗಿದ್ದು ನಿಜ. ಬಂದೂಕಿಗೆ ಸೇವಂತಿಗೆ ಹೂವು ಇಟ್ಟಿದ್ದೂ ನಿಜ.

ಮುಂದಿನ ಚುನಾವಣೆಯಲ್ಲಿ ಬಂದೂಕು ಠಾಣೆಗೆ ಹೋಗಿ ವಾಪಸು ಬಂತು. ಗೀರಿನ ಬಗ್ಗೆ ಯಾರೂ ಕೇಳಲಿಲ್ಲವಂತೆ. ಮಾವ ಮಾತ್ರ ಸಿಕ್ಕಾಗಲೆಲ್ಲ ನನ್ನನ್ನು ಕೇಳುತ್ತಲೇ ಇದ್ದರು, ನಾನು ಹೂಂ ಎನ್ನುತ್ತಲೇ ಇದ್ದೆ. ಈಗ ಆ ಪೂಜೆಯನ್ನು ನೆನೆದರೆ ಹೂವಿನ ಕೆಳಗೆ ಆ ಗೀರುಗಳು ನನಗೆ ಸ್ಪಷ್ಟವಾಗಿ ಕಾಣುತ್ತವೆ. ಅಷ್ಟು ದಪ್ಪ ಎಣ್ಣೆಯ ಪದರದೊಳಗೆ ಅವು ನನಗೆ ಹೇಗೆ ಕಂಡವು ಎಂಬುದೇ ತಿಳಿಯುತ್ತಿಲ್ಲ.